ಸೋತ ಹಾಡು, ಗೆದ್ದ ನಾಡು

ಕಲಬುರಗಿಯ ಗಂಜಿನಲ್ಲಿ ತೊಗರಿಯನ್ನು ತೂಗುತ್ತಾರೆ. ಕಮಲಾಪುರದ ತೋಟದಿಂದ ಬಂದ ಕೆಂಪು ಬಾಳೆಯನ್ನು ಎಣಿಸುತ್ತಾರೆ. ಅಕ್ಕಸಾಲಿಗನು ಬಂಗಾರವನ್ನು ಒರೆಗೆ ಹಚ್ಚಿ ನೋಡುತ್ತಾನೆ. ಆದರೆ ಹಾಡನ್ನು ತೂಗುವ ತಕ್ಕಡಿ ಯಾವುದು? ಒಬ್ಬರ ಕಂಠಕ್ಕೆ ಎಂಟು ಅಂಕ, ಇನ್ನೊಬ್ಬರ ಕಂಠಕ್ಕೆ ಏಳೂವರೆ ಅಂಕ ಎಂದು ಬರೆಯುವ ತೀರ್ಪುಗಾರರ ಕೈಯಲ್ಲಿರುವ ಆ ಅರ್ಧ ಅಂಕದ ತೂಕವೆಷ್ಟು? ಶಾಲೆಗಳಲ್ಲಿ, ಉತ್ಸವಗಳಲ್ಲಿ, ದೂರದರ್ಶನದ ಪರದೆಯ ಮೇಲೆ ಹಾಡಿನ ಸ್ಪರ್ಧೆಗಳು ಹೆಚ್ಚುತ್ತಿರುವ ಈ ಕಾಲದಲ್ಲಿ ಮಕ್ಕಳುಳ್ಳ ಪ್ರತಿಯೊಂದು ಮನೆಯೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು. ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಈ ತಿಂಗಳು ನಾವು ಓದುಗರನ್ನು ಸ್ವಲ್ಪ ದೂರದ ನಾಡಿಗೆ ಕರೆದೊಯ್ಯಬಯಸುತ್ತೇವೆ. ಅಲ್ಲಿಂದ ಮರಳಿ ಬರುವಾಗ ನಮ್ಮ ಊರಿನ ದಾರಿ ಇನ್ನಷ್ಟು ಸ್ಪಷ್ಟವಾಗಿ ಕಾಣುವುದೆಂಬ ನಂಬಿಕೆ ನಮ್ಮದು.

ಯುರೋಪ್ ಖಂಡದಲ್ಲಿ ‘ಯೂರೋವಿಷನ್’ ಎಂಬ ಹಾಡಿನ ಸ್ಪರ್ಧೆಯೊಂದು ನಡೆಯುತ್ತದೆ. ಇಲ್ಲಿ ಸ್ಪರ್ಧಿಸುವುದು ವ್ಯಕ್ತಿಗಳಲ್ಲ, ದೇಶಗಳು. ಪ್ರತಿಯೊಂದು ದೇಶವೂ ತನ್ನ ಪರವಾಗಿ ಒಂದು ಹೊಸ ಹಾಡನ್ನು ಆರಿಸಿ ಕಳುಹಿಸುತ್ತದೆ. ಮೊದಲ ಸ್ಪರ್ಧೆ 1956ರ ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊ ಪಟ್ಟಣದಲ್ಲಿ ನಡೆಯಿತು. ಏಳು ದೇಶಗಳು ಎರಡೆರಡು ಹಾಡುಗಳೊಡನೆ ಬಂದಿದ್ದವು. ಆತಿಥೇಯ ಸ್ವಿಟ್ಜರ್ಲೆಂಡ್ ಗೆದ್ದಿತೆಂದು ಸಾರಿದರೇ ಹೊರತು ಉಳಿದವರ ಸ್ಥಾನವನ್ನು ಪ್ರಕಟಿಸಲೇ ಇಲ್ಲ. ಯಾರು ಕೊನೆಯವರೆಂಬುದು ಇಂದಿಗೂ ಲೋಕಕ್ಕೆ ತಿಳಿಯದು. ಅದೆಂಥ ಸೌಜನ್ಯ!

ಎರಡನೆಯ ಮಹಾಯುದ್ಧದ ಬೂದಿ ಆರಿ ಆಗಿನ್ನೂ ಹನ್ನೊಂದು ವರ್ಷವಾಗಿತ್ತು. ನಿನ್ನೆಯವರೆಗೆ ಒಬ್ಬರ ಮೇಲೊಬ್ಬರು ಬಾಂಬು ಸುರಿದ ದೇಶಗಳು ಒಂದೇ ರಾತ್ರಿ ಒಂದೇ ಹಾಡನ್ನು ಕೇಳುವಂತೆ ಮಾಡುವುದು, ಗಡಿಗಳನ್ನು ದಾಟಿ ಏಕಕಾಲಕ್ಕೆ ದೂರದರ್ಶನದ ನೇರ ಪ್ರಸಾರ ಸಾಧ್ಯವೇ ಎಂದು ಪರೀಕ್ಷಿಸುವುದು, ಇವೆರಡೂ ಅದರ ಹಿಂದಿದ್ದವು. ಇಂಥ ಪ್ರಯೋಗದ ರುಚಿ ನಮ್ಮ ಭಾಗದ ಹಿರಿಯರಿಗೂ ಉಂಟು. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನ ಬಂದಿತಷ್ಟೆ; ಕರ್ನಾಟಕದಲ್ಲಿ ಆ ಭಾಗ್ಯ ದೊರೆತದ್ದು ಅಂದಿನ ಗುಲಬರ್ಗಾ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ. ಊರ ನಡುವೆ ಒಂದೇ ಪೆಟ್ಟಿಗೆಯ ಮುಂದೆ ನೆರೆದ ಜನಕ್ಕೆ ದೂರದ ದನಿ ತನ್ನದೇ ಭಾಷೆಯಲ್ಲಿ ಕೇಳಿಸಿದಾಗ ಆದ ಬೆರಗನ್ನು ಬಲ್ಲವರಿಗೆ ಲುಗಾನೊದ ಆ ರಾತ್ರಿಯನ್ನು ಊಹಿಸಿಕೊಳ್ಳುವುದು ಕಷ್ಟವಾಗಲಾರದು.

ಈ ಸ್ಪರ್ಧೆಯ ಕಟ್ಟಳೆಗಳಲ್ಲಿ ಮೂರನ್ನು ಓದುಗರು ಗಮನಿಸಬೇಕು. ಹಾಡು ಮೂರು ನಿಮಿಷವನ್ನು ಮೀರಬಾರದೆಂಬುದು ಮೊದಲನೆಯದು. ಯಾವ ದೇಶವೂ ತನ್ನ ಹಾಡಿಗೆ ತಾನೇ ಮತ ಹಾಕುವಂತಿಲ್ಲವೆಂಬುದು ಎರಡನೆಯದು. ಹೆತ್ತವರಿಗೆ ಹೆಗ್ಗಣವೂ ಮುದ್ದು ಎಂಬ ನಮ್ಮ ಗಾದೆಯನ್ನು ಅವರು ಕೇಳಿರಲಿಕ್ಕಿಲ್ಲ, ಆದರೆ ಅದರ ಅರ್ಥವನ್ನು ಬಲ್ಲರು. ಮೂರನೆಯದು ಭಾಷೆಯದು. 1966ರಿಂದ 1972ರವರೆಗೆ ಮತ್ತು 1977ರಿಂದ 1998ರವರೆಗೆ ಪ್ರತಿಯೊಂದು ದೇಶವೂ ತನ್ನ ನಾಡಿನ ಭಾಷೆಯಲ್ಲಿಯೇ ಹಾಡಬೇಕೆಂಬ ನಿಯಮವಿತ್ತು. 1999ರಲ್ಲಿ ಅದನ್ನು ತೆಗೆದುಹಾಕಿದ ಮೇಲೆ ಹಲವು ದೇಶಗಳು ತಂತಮ್ಮ ನುಡಿಯನ್ನು ಮನೆಯಲ್ಲಿಯೇ ಬಿಟ್ಟು ಇಂಗ್ಲಿಷಿನ ಅಂಗಿ ತೊಟ್ಟು ವೇದಿಕೆಗೆ ಬಂದವು. ಹೆಚ್ಚು ಜನರಿಗೆ ತಿಳಿದರೆ ಹೆಚ್ಚು ಅಂಕ ಬಂದೀತೆಂಬ ಲೆಕ್ಕಾಚಾರ ಅವರದು.

ಈ ಲೆಕ್ಕಾಚಾರಕ್ಕೆ ಬಹುಮಟ್ಟಿಗೆ ಒಗ್ಗದೆ ಉಳಿದ ದೇಶವೊಂದಿದೆ. ಅದು ಪೋರ್ಚುಗಲ್. ಪೋರ್ಚುಗಲ್ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಗೋವೆ. ಆ ಪರಂಗಿಗಳೊಡನೆ ಕಾದಿದ ಉಳ್ಳಾಲದ ರಾಣಿ ಅಬ್ಬಕ್ಕ. ಅಂಥ ದೇಶದ ಹಾಡಿನ ಕಥೆ ನಮಗೇಕೆ ಎಂದು ಯಾರಾದರೂ ಕೇಳಬಹುದು. ಅನ್ಯರನ್ನು ಆಳಿದ ಆ ದೇಶದ ಸಾಮಾನ್ಯ ಜನರೂ ಸ್ವತಃ ಆಳಿಸಿಕೊಂಡವರೇ ಆಗಿದ್ದರು. 1926ರಿಂದ 1974ರವರೆಗೆ, ನಲವತ್ತೆಂಟು ವರ್ಷ ಕಾಲ, ಅಲ್ಲಿ ಸರ್ವಾಧಿಕಾರವಿತ್ತು. ಪತ್ರಿಕೆಗೆ, ಪುಸ್ತಕಕ್ಕೆ, ಹಾಡಿಗೆ ಸೆನ್ಸಾರಿನ ಕತ್ತರಿ, ಮಾತಾಡಿದವರಿಗೆ ಸೆರೆಮನೆ, ಯುವಕರಿಗೆ ಆಫ್ರಿಕದ ವಸಾಹತುಗಳಲ್ಲಿ ಮುಗಿಯದ ಯುದ್ಧ. ಅಂಥ ನಾಡು 1964ರಲ್ಲಿ ಮೊದಲ ಬಾರಿಗೆ ಈ ಸ್ಪರ್ಧೆಗೆ ಕಾಲಿಟ್ಟಿತು. ತನ್ನ ಹಾಡನ್ನು ಆರಿಸಲು ಅದೇ ವರ್ಷ ದೇಶದೊಳಗೆ ಒಂದು ಹಾಡಿನ ಉತ್ಸವವನ್ನೂ ಆರಂಭಿಸಿತು. ಆರಿಸಿ ಕಳುಹಿಸಿದ ಗಾಯಕ ಅಂತೋನಿಯೊ ಕಲ್ವಾರಿಯೊ ಅವರಿಗೆ ಕೋಪನ್‌ಹೇಗನ್ನಿನಲ್ಲಿ ದೊರೆತ ಅಂಕ ಸೊನ್ನೆ.

ಸೊನ್ನೆ ಬಂದಿತೆಂದು ಅವರು ಹಾಡುವುದನ್ನು ಬಿಡಲಿಲ್ಲ. 1969ರಲ್ಲಿ ಸಿಮೋನ್ ದೆ ಒಲಿವೇರಾ ಎಂಬ ಗಾಯಕಿ, ಮಡಿವಂತ ಸಮಾಜ ಹುಬ್ಬೇರಿಸುವಂಥ ದಿಟ್ಟ ಸಾಹಿತ್ಯದ ಹಾಡನ್ನು ಮ್ಯಾಡ್ರಿಡ್ಡಿಗೆ ಒಯ್ದರು. ಅಂಕ ದೊರೆತದ್ದು ನಾಲ್ಕೇ. ಆದರೆ ತಾಯ್ನಾಡಿನಲ್ಲಿ ಅವರನ್ನು ಜನ ಗೆದ್ದು ಬಂದವರಂತೆ ಎದುರುಗೊಂಡರು. ತೀರ್ಪುಗಾರರ ಪಟ್ಟಿ ಬೇರೆ, ಜನರ ಎದೆಯ ಪಟ್ಟಿ ಬೇರೆ ಎಂಬುದಕ್ಕೆ ಅದು ಮೊದಲ ಸಾಕ್ಷಿ.

ಎರಡನೆಯ ಸಾಕ್ಷಿ ಇನ್ನೂ ದೊಡ್ಡದು. 1974ರ ಏಪ್ರಿಲ್ 6ರಂದು ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಆ ವರ್ಷದ ಸ್ಪರ್ಧೆ ನಡೆಯಿತು. ಸ್ವೀಡನ್ನಿನ ‘ಅಬ್ಬಾ’ ತಂಡ ಇಂಗ್ಲಿಷಿನಲ್ಲಿ ಹಾಡಿ ಗೆದ್ದು ಲೋಕವಿಖ್ಯಾತವಾಯಿತು. ಪೋರ್ಚುಗಲ್ಲಿನಿಂದ ಹೋದವರು ಪಾವ್ಲೊ ದೆ ಕಾರ್ವಾಲ್ಯು. ಅವರು ಹಾಡಿದ್ದು ಪ್ರಿಯರನ್ನು ಬೀಳ್ಕೊಟ್ಟ ಅನಂತರದ ಬರಿದಾದ ಮನಸ್ಸಿನ ಹಾಡು. ಅದರ ಹೆಸರಿನ ಅರ್ಥವೂ ‘ಮತ್ತೆ ವಿದಾಯದ ಬಳಿಕ’ ಎಂದೇ. ಅದರಲ್ಲಿ ರಾಜಕೀಯದ ಸೋಂಕೂ ಇರಲಿಲ್ಲ. ದೊರೆತ ಅಂಕ ಮೂರು. ಇನ್ನೂ ಮೂರು ದೇಶಗಳೊಡನೆ ಕಟ್ಟಕಡೆಯ ಸ್ಥಾನ. ಗಾಯಕರು ಬರಿಗೈಯಲ್ಲಿ ಮನೆಗೆ ಮರಳಿದರು.

ಅದಾಗಿ ಹದಿನೆಂಟು ದಿನಗಳಾದವು. ಏಪ್ರಿಲ್ 24ರ ರಾತ್ರಿ ಹನ್ನೊಂದಕ್ಕೆ ಐದು ನಿಮಿಷವಿರುವಾಗ ಲಿಸ್ಬನ್ನಿನ ರೇಡಿಯೋ ಕೇಂದ್ರವೊಂದು ಆ ಸೋತ ಹಾಡನ್ನು ಪ್ರಸಾರ ಮಾಡಿತು. ಮಲಗಲು ಅಣಿಯಾಗುತ್ತಿದ್ದ ಜನ ಕೇಳಿದರು. ಸರ್ಕಾರದ ಬೇಹುಗಾರರೂ ಕೇಳಿದರು. ಯಾರಿಗೂ ಸಂಶಯ ಬರಲಿಲ್ಲ. ವಿರಹದ ಹಾಡಿನಲ್ಲಿ ಸಂಶಯಪಡಲು ಏನಿದೆ? ಆದರೆ ಸೇನೆಯ ಶಿಬಿರಗಳಲ್ಲಿ ಕಿವಿಗೊಟ್ಟು ಕುಳಿತಿದ್ದ ಯುವ ಕ್ಯಾಪ್ಟನ್ನರಿಗೆ ಅದು ‘ಸಿದ್ಧರಾಗಿ’ ಎಂಬ ಸಂಕೇತವಾಗಿತ್ತು. ನಡುರಾತ್ರಿ ಕಳೆದು ಇಪ್ಪತ್ತು ನಿಮಿಷಕ್ಕೆ ಜೋಸೆ ಅಫೊನ್ಸೊ ಎಂಬ ಜನಗಾಯಕರ ಇನ್ನೊಂದು ಹಾಡು ಮತ್ತೊಂದು ಕೇಂದ್ರದಿಂದ ಮೊಳಗಿತು. ಅದು ‘ಹೊರಡಿ’ ಎಂಬ ಸಂಕೇತ. ಬೆಳಗಾಗುವಷ್ಟರಲ್ಲಿ ಸೈನಿಕರು ರಾಜಧಾನಿಯನ್ನು ಹಿಡಿದಿದ್ದರು. ಜನ ಬೀದಿಗಿಳಿದು ಸೈನಿಕರ ಬಂದೂಕಿನ ನಳಿಗೆಗಳಿಗೆ ಕೆಂಪು ಕಾರ್ನೇಷನ್ ಹೂಗಳನ್ನು ಸಿಕ್ಕಿಸಿದರು. ಹೆಚ್ಚು ರಕ್ತ ಹರಿಯದೆ ಅರ್ಧ ಶತಮಾನದ ಸರ್ವಾಧಿಕಾರ ಒಂದೇ ದಿನದಲ್ಲಿ ಕುಸಿಯಿತು.

ಈ ಕ್ರಾಂತಿಯ ಫಲ ನಮ್ಮ ನೆರೆಯವರೆಗೂ ಬಂದಿತೆಂಬುದನ್ನು ಮರೆಯಬಾರದು. 1961ರ ಡಿಸೆಂಬರಿನಲ್ಲಿಯೇ ಗೋವೆ ವಿಮೋಚನೆಗೊಂಡಿದ್ದರೂ ಪೋರ್ಚುಗಲ್ಲಿನ ಹಳೆಯ ಸರ್ಕಾರ ಅದನ್ನು ಒಪ್ಪಿರಲೇ ಇಲ್ಲ. ಭಾರತದ ಹಕ್ಕನ್ನು ಆ ದೇಶ ಒಪ್ಪಿ ಒಪ್ಪಂದಕ್ಕೆ ಸಹಿ ಮಾಡಿದ್ದು 1974ರ ಡಿಸೆಂಬರಿನಲ್ಲಿ, ಕ್ರಾಂತಿಯಾದ ಮೇಲೆ. ಮರುವರ್ಷ ಅಂಗೋಲ, ಮೊಜಾಂಬಿಕ್‌ಗಳೂ ಸ್ವತಂತ್ರವಾದವು. ಮೂರು ಅಂಕದ ಹಾಡೊಂದು ಇವೆಲ್ಲವನ್ನೂ ಮಾಡಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು, ಮಾಡಿದವರು ಮನುಷ್ಯರು. ಆದರೆ ಬಾಗಿಲು ತೆರೆಯುವ ಮುನ್ನ ಕೇಳಿಬಂದ ಮೊದಲ ಸದ್ದು ಆ ಹಾಡಿನದೇ. ಅಂದು ಗೆದ್ದ ಹಾಡನ್ನು ಲೋಕವೆಲ್ಲ ಹಾಡಿಕೊಂಡಿತು. ಅಂದು ಸೋತ ಹಾಡು ಒಂದು ಲೋಕವನ್ನೇ ಎಬ್ಬಿಸಿತು. ಬ್ರೈಟನ್ನಿನ ತೀರ್ಪುಗಾರರ ತಕ್ಕಡಿಯಲ್ಲಿ ಈ ತೂಕಕ್ಕೆ ಕಲ್ಲೇ ಇರಲಿಲ್ಲ. ಮರುವರ್ಷ ಸ್ಟಾಕ್‌ಹೋಮಿನ ಸ್ಪರ್ಧೆಗೆ ಆ ದೇಶ ಕಳುಹಿಸಿದ್ದು ಕ್ರಾಂತಿಯಲ್ಲಿ ಭಾಗವಹಿಸಿದ್ದ ಸೇನಾಧಿಕಾರಿ ದುವಾರ್ತೆ ಮೆಂಡೆಸ್ ಅವರನ್ನು. ಅವರು ಹೊಸ ಬೆಳಗನ್ನು ಕುರಿತು ಹಾಡಿದರು. ಸ್ಥಾನ ಹದಿನಾರನೆಯದು. ಗೆಲುವು ಅವರ ಬೆನ್ನ ಹಿಂದೆ, ಲಿಸ್ಬನ್ನಿನಲ್ಲಿ ಆಗಲೇ ಆಗಿಹೋಗಿತ್ತು.

ಮುಂದೆ ದೀರ್ಘಕಾಲ ಹೇಳಿಕೊಳ್ಳುವಂಥದೇನೂ ನಡೆಯಲಿಲ್ಲ. 1996ರಲ್ಲಿ ಲೂಸಿಯಾ ಮೊನಿಜ್ ತಂದ ಆರನೆಯ ಸ್ಥಾನವೇ ದೊಡ್ಡ ಸಾಧನೆ ಎನಿಸಿತ್ತು. 2016ರಲ್ಲಿ ದೇಶ ಸ್ಪರ್ಧೆಗೇ ಹೋಗಲಿಲ್ಲ. ಮನೆಯಲ್ಲಿ ಕುಳಿತು ತನ್ನ ಆಯ್ಕೆಯ ಕ್ರಮವನ್ನೇ ತಿದ್ದಿಕೊಂಡು, ಒಳ್ಳೆಯ ಸಂಗೀತ ರಚನಕಾರರನ್ನು ಆಹ್ವಾನಿಸಿ, 2017ರಲ್ಲಿ ಮತ್ತೆ ಹಾಡಿನ ಉತ್ಸವವನ್ನು ನಡೆಸಿತು. ಅಲ್ಲಿ ಆಯ್ಕೆಯಾದದ್ದು ಲೂಯಿಸಾ ಸೊಬ್ರಾಲ್ ರಚಿಸಿ, ಅವರ ತಮ್ಮ ಸಾಲ್ವಡೋರ್ ಸೊಬ್ರಾಲ್ ಹಾಡಿದ ಒಂದು ಮೆಲುದನಿಯ ಗೀತೆ. ತಮ್ಮನಿಗೆ ಹೃದಯದ ಕಾಯಿಲೆ. ಉಕ್ರೇನಿನ ಕೀವ್ ನಗರದಲ್ಲಿ ಆರಂಭದ ತಾಲೀಮುಗಳಿಗೆ ಅವನು ಹೋಗಲಾರದಾದಾಗ ಅಕ್ಕನೇ ಅವನ ಜಾಗದಲ್ಲಿ ನಿಂತು ಹಾಡಿದಳು. ಸ್ಪರ್ಧೆಯ ರಾತ್ರಿ ಉಳಿದವರ ವೇದಿಕೆಯಲ್ಲಿ ಬೆಂಕಿ, ಹೊಗೆ, ನರ್ತಕರು, ಬೆಳಕಿನ ಮಳೆ. ಸಾಲ್ವಡೋರ್ ಜನರ ನಡುವಿನ ಪುಟ್ಟ ಕಟ್ಟೆಯ ಮೇಲೆ ಒಬ್ಬನೇ ನಿಂತು, ತನ್ನ ಭಾಷೆಯಲ್ಲಿ, ಯಾರೋ ಒಬ್ಬರಿಗೆ ಹೇಳಿದಂತೆ ಹಾಡಿದ. 758 ಅಂಕಗಳು ಬಂದವು. ಅದುವರೆಗೆ ಯಾರೂ ಪಡೆಯದಷ್ಟು. ತಜ್ಞರ ಮತದಲ್ಲೂ ಜನರ ಮತದಲ್ಲೂ ಅವನೇ ಮೊದಲಿಗ. ಸೊನ್ನೆಯಿಂದ ಹೊರಟ ದೇಶ ಗೆಲ್ಲಲು ಐವತ್ತಮೂರು ವರ್ಷ ಹಿಡಿದಿತ್ತು. ಬಹುಮಾನದ ಬಳಿಕ ಅವನು ಅಕ್ಕನನ್ನು ವೇದಿಕೆಗೆ ಕರೆದ. ಇಬ್ಬರೂ ಕೂಡಿ ಅದೇ ಹಾಡನ್ನು ಮತ್ತೆ ಹಾಡಿದರು. ಆ ವರ್ಷದ ಡಿಸೆಂಬರಿನಲ್ಲಿ ಅವನಿಗೆ ಹೃದಯ ಬದಲಾವಣೆಯ ಶಸ್ತ್ರಚಿಕಿತ್ಸೆ ನಡೆಯಿತು. ಚೇತರಿಸಿಕೊಂಡು ಮತ್ತೆ ಹಾಡಿದ. ಇಷ್ಟಾದ ಮೇಲೆ 2018ರಲ್ಲಿ ಲಿಸ್ಬನ್ ನಗರವೇ ಸ್ಪರ್ಧೆಗೆ ಆತಿಥ್ಯ ವಹಿಸಿತಲ್ಲ, ಅಂತಿಮ ಸುತ್ತಿನ ಇಪ್ಪತ್ತಾರು ಹಾಡುಗಳಲ್ಲಿ ಆತಿಥೇಯರ ಹಾಡಿಗೆ ಬಂದ ಸ್ಥಾನವೆಷ್ಟು ಗೊತ್ತೇ? ಇಪ್ಪತ್ತಾರನೆಯದು! ಏರಿದವರು ಇಳಿಯಲೇಬೇಕು, ನಗುತ್ತ ಇಳಿಯಬಲ್ಲವರಿಗೆ ಇಳಿಜಾರೂ ದಾರಿಯೇ.

ಇನ್ನು ನಮ್ಮ ಊರಿನ ಮಾತಿಗೆ ಬರೋಣ. ನಮಗೆ ಪರಿಚಿತವಾದ ಕಮಲಾಪುರದ ಒಂದು ಒಕ್ಕಲುತನದ ಮನೆ. ಅಲ್ಲಿಯ ಹುಡುಗಿಗೆ ಒಳ್ಳೆಯ ಕಂಠ. ಅಜ್ಜಿಯ ಮಗ್ಗುಲಲ್ಲಿ ಕುಳಿತು ಬೀಸುವ ಪದ, ಸೋಬಾನೆ ಪದ ಕಲಿತವಳು. ಶಾಲೆಯ ಪ್ರತಿಭಾ ಕಾರಂಜಿಯಲ್ಲಿ ಹಾಡಿ ಕ್ಲಸ್ಟರ್ ಮಟ್ಟ ದಾಟಿದಳು, ತಾಲೂಕು ಮಟ್ಟ ದಾಟಿದಳು. ಜಿಲ್ಲಾ ಮಟ್ಟಕ್ಕೆ ಕಲಬುರಗಿಗೆ ಹೋಗಬೇಕೆಂದಾಗ ಮನೆಯವರಿಗೆ, ನೆರೆಯವರಿಗೆ ಒಂದು ಚಿಂತೆ ಹತ್ತಿತು. ‘ನಗರದವರ ಮುಂದೆ ಈ ಹಳ್ಳಿಯ ಪದ ನಡೆಯುತ್ತದೆಯೇ?’ ಎಂದು ಯಾರೋ ಅಂದರು. ಹದಿನೈದು ದಿನ ಮೊದಲು ಹಾಡನ್ನು ಬದಲಿಸಿ, ದೂರದರ್ಶನದಲ್ಲಿ ಗೆದ್ದವರಾರೋ ಹಾಡಿದ ಕಠಿಣವಾದ ಹಾಡೊಂದನ್ನು ಮೊಬೈಲಿನಿಂದ ಕಲಿಸಿದರು. ವೇದಿಕೆಯಲ್ಲಿ ಮೇಲಿನ ಸ್ವರಕ್ಕೆ ಕಂಠ ಒದಗಲಿಲ್ಲ. ಬಹುಮಾನ ಬರಲಿಲ್ಲ. ಅದೇನೂ ದೊಡ್ಡ ಮಾತಲ್ಲ. ದೊಡ್ಡ ಮಾತೆಂದರೆ, ಅಂದಿನಿಂದ ಆ ಹುಡುಗಿ ಮನೆಯಲ್ಲಿಯೂ ಹಾಡುವುದನ್ನು ನಿಲ್ಲಿಸಿಬಿಟ್ಟಳು. ‘ಹಿಟ್ಟಿನ ಗಿರಣಿ ಬಂದಾಗ ಬೀಸುಕಲ್ಲು ಸುಮ್ಮನಾಯಿತು, ಈಗ ಪದವೂ ಸುಮ್ಮನಾಯಿತು’ ಎಂದು ಅವಳ ಅಜ್ಜಿ ನಮ್ಮೊಡನೆ ಅಂದದ್ದು ಬಹಳ ದಿನ ನಮ್ಮ ಕಿವಿಯಲ್ಲಿ ಉಳಿಯಿತು.

ಇಲ್ಲಿ ತಪ್ಪು ಯಾರದು? ಸ್ಪರ್ಧೆ ನಡೆಸಿದವರದಲ್ಲ, ಅಂಕ ಕೊಟ್ಟವರದೂ ಅಲ್ಲ. ಸ್ಪರ್ಧೆಯೆಂಬುದೇ ಕೆಟ್ಟದ್ದೆಂದು ಹೇಳುವವರು ನಾವಲ್ಲ. ಅದು ಮಕ್ಕಳಿಗೆ ಸಭಾಧೈರ್ಯ ಕೊಡುತ್ತದೆ, ಶಿಸ್ತು ಕಲಿಸುತ್ತದೆ, ತನಗಿಂತ ಚೆನ್ನಾಗಿ ಹಾಡುವವರಿದ್ದಾರೆ ಎಂಬ ವಿನಯವನ್ನು ತರುತ್ತದೆ. ಕಲಬುರಗಿಯಲ್ಲಿ 1966ರಿಂದ ಆಕಾಶವಾಣಿ ಕೇಂದ್ರವಿದೆ. ಬಾನುಲಿಯಲ್ಲಿ ಹಾಡಬಯಸುವ ಕಲಾವಿದರು ಇಂದಿಗೂ ಪರೀಕ್ಷೆಗೆ ನಿಂತು ಶ್ರೇಣಿ ಪಡೆಯಬೇಕು. ಆ ಪರೀಕ್ಷೆಯ ಭಯ ಎಷ್ಟೋ ಜನರನ್ನು ಬೆಳಗಿನ ರಿಯಾಜಿಗೆ ಕೂಡಿಸಿದೆ. ಒರೆಗಲ್ಲು ಬೇಕು. ಆದರೆ ಒರೆಗಲ್ಲು ಹೇಳುವುದು ಬಂಗಾರದ ಗುಣವನ್ನಷ್ಟೆ. ಆ ಬಂಗಾರ ಯಾರ ಕೊರಳಲ್ಲಿ ತಾಳಿಯಾಗಿದೆ ಎಂಬುದನ್ನು ಅದು ಹೇಳಲಾರದು.

ತಪ್ಪಿದ್ದು ಆಯ್ಕೆಯಲ್ಲಿ. ಹಾಡನ್ನು ಆರಿಸುವಾಗ ‘ಇದು ನನ್ನದೇ?’ ಎಂದು ಕೇಳಿಕೊಳ್ಳದೆ ‘ಇದು ಅವರಿಗೆ ಹಿಡಿಸೀತೇ?’ ಎಂದು ಕೇಳಿಕೊಂಡದ್ದರಲ್ಲಿ. ಹಾಡನ್ನು ಆರಿಸುವುದು ಇಡೀ ನಾಡಿಗೂ ಕಷ್ಟದ ಕೆಲಸವೇ. ಕುವೆಂಪು ಅವರ ಗೀತೆಯನ್ನು ಕರ್ನಾಟಕದ ನಾಡಗೀತೆಯೆಂದು ಸರ್ಕಾರ ಸಾರಿದ್ದು 2004ರಲ್ಲಿ. ಅದನ್ನು ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕೆಂಬ ಚರ್ಚೆ ಮುಂದೆಯೂ ನಡೆಯುತ್ತಲೇ ಇತ್ತು. ಕೊನೆಗೆ ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷದ ಅವಧಿ ಎಂದು ಆದೇಶವಾದದ್ದು 2022ರಲ್ಲಿ. ಹದಿನೆಂಟು ವರ್ಷ! ಅದರ ಮೇಲೂ ವಿವಾದ ಉಚ್ಚ ನ್ಯಾಯಾಲಯದವರೆಗೆ ಹೋಗಿ ಬಂದಿತು. ಇದನ್ನು ಕಂಡು ಕೆಲವರು ನಗುತ್ತಾರೆ. ನಾವು ನಗುವುದಿಲ್ಲ. ಹಾಡನ್ನು ಕುರಿತು ವಾದಿಸುವ ನಾಡು ಹಾಡನ್ನು ಪ್ರೀತಿಸುವ ನಾಡು. ಮನೆಯಲ್ಲಿಯೂ ಮಗುವಿನ ಹಾಡಿನ ಆಯ್ಕೆಗೆ ಒಂದು ಸಂಜೆಯ ಚರ್ಚೆಯಾದರೂ ನಡೆಯಲಿ. ಆ ಚರ್ಚೆಯಲ್ಲಿ ಮಗುವಿಗೂ ಒಂದು ಮತವಿರಲಿ, ಅಜ್ಜಿಗೂ ಒಂದು ಮತವಿರಲಿ.

ನಮ್ಮದು ಎಂದಾಕ್ಷಣ ಇತರರದನ್ನು ಹಳಿಯಬೇಕಿಲ್ಲ. ಕಲಬುರಗಿ ಅಂಥ ಊರಲ್ಲ. ಶರಣಬಸವೇಶ್ವರರ ಜಾತ್ರೆಯ ಭಜನೆಯ ದನಿಯೂ, ಬಂದೇನವಾಜರ ದರ್ಗಾದ ಕವ್ವಾಲಿಯ ದನಿಯೂ ಒಂದೇ ಗಾಳಿಯಲ್ಲಿ ಕೂಡಿ ಬೀಸುವ ಊರಿದು. ಉರ್ದು, ಮರಾಠಿ, ತೆಲುಗು, ಕನ್ನಡ ನಾಲ್ಕನ್ನೂ ಬಾಯ್ತುಂಬ ಆಡುವ ಜನ ನಮ್ಮವರು. ಮಗು ಹಿಂದಿಯ ಹಾಡನ್ನು ಹಾಡಲಿ, ಇಂಗ್ಲಿಷಿನದನ್ನೂ ಹಾಡಲಿ. ಆದರೆ ಕನ್ನಡದ ಮೊದಲ ಉಪಲಬ್ಧ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ ಮಳಖೇಡದ ಸೀಮೆಯವರಾದ ನಾವು, ನಮ್ಮ ನುಡಿಯಲ್ಲಿ ಹಾಡಿದರೆ ಅಂಕ ಕಡಿಮೆಯಾದೀತೆಂದು ಅಂಜಿ ಅದನ್ನು ಬಿಟ್ಟುಕೊಡಬಾರದು. ವಚನಗಳನ್ನು ಹಾಡಿನ ವೇದಿಕೆಗೆ ತಂದವರಲ್ಲಿ ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿಯಂಥವರಿದ್ದರು. ಕನ್ನಡ ಅರಿಯದ ಶ್ರೋತೃಗಳೂ ಮನಸೂರರ ವಚನಕ್ಕೆ ತಲೆದೂಗಿದರು. ಸಾಲ್ವಡೋರನ ಭಾಷೆ ಕೀವ್ ನಗರದ ಎಷ್ಟು ಜನಕ್ಕೆ ತಿಳಿದಿದ್ದೀತು? ತಿಳಿಯದ ನುಡಿಯೂ ನಿಜವಾದ ನುಡಿಯಾಗಿದ್ದರೆ ಎದೆಗೆ ತಲಪುತ್ತದೆ. ತಿಳಿದ ನುಡಿಯೂ ಎರವಲಾಗಿದ್ದರೆ ಕಿವಿಯಲ್ಲಿಯೇ ನಿಲ್ಲುತ್ತದೆ.

ಕಮಲಾಪುರದ ಕೆಂಪು ಬಾಳೆಯನ್ನೇ ನೋಡಿರಿ. ಉಳಿದ ಬಾಳೆಗಳಿಗಿಂತ ನಿಧಾನವಾಗಿ, ಸುಮಾರು ಒಂದೂವರೆ ವರ್ಷ ತೆಗೆದುಕೊಂಡು ಅದು ಫಲ ಕೊಡುತ್ತದೆ. ಬೇಗ ಬರುವ ತಳಿಗಳ ಮುಂದೆ ಅದರದೇನು ಲಾಭವೆಂದು ಲೆಕ್ಕ ಹಾಕಿದ್ದರೆ ನಮ್ಮ ರೈತರು ಅದನ್ನು ಎಂದೋ ಕಿತ್ತುಹಾಕಬೇಕಾಗಿತ್ತು. ಹಾಗೆ ಮಾಡದೆ ಉಳಿಸಿಕೊಂಡದ್ದರಿಂದಲೇ ಇಂದು ಅದಕ್ಕೆ ‘ಭೌಗೋಳಿಕ ಗುರುತು’ ಎಂಬ ಸರ್ಕಾರದ ಮನ್ನಣೆ ದೊರೆತು, ಊರಿನ ಹೆಸರು ಹಣ್ಣಿನೊಡನೆ ದೂರದೂರಿಗೆ ಹೋಗುತ್ತಿದೆ. ಇಂಥ ಮಣ್ಣಿನಲ್ಲಿ ಮಾತ್ರ ಇಂಥ ರುಚಿ ಎಂಬ ಮಾತು ಹಣ್ಣಿಗೆ ಸಲ್ಲುವುದಾದರೆ ಕಂಠಕ್ಕೆ ಸಲ್ಲದೇ?

ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೆ. ಮಗುವನ್ನು ಸ್ಪರ್ಧೆಗೆ ಕಳುಹಿಸಿರಿ. ಆದರೆ ಅದರ ಕಂಠಕ್ಕೆ ಒಗ್ಗುವ, ಅದರ ಮನಸ್ಸು ಒಪ್ಪಿದ ಹಾಡಿನೊಡನೆ ಕಳುಹಿಸಿರಿ. ಎಷ್ಟು ಅಂಕ ಬಂದಿತೆಂದು ಕೇಳುವ ಮೊದಲು, ಹಾಡುವಾಗ ನಿನಗೆ ಹೇಗನಿಸಿತು ಎಂದು ಕೇಳಿರಿ. ಬಹುಮಾನ ಬಂದರೆ ಗೋಡೆಗೆ ತೂಗುಹಾಕಿರಿ. ಬಾರದಿದ್ದರೆ ಅಂದು ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಕುಳಿತು ಅದೇ ಹಾಡನ್ನು ಇನ್ನೊಮ್ಮೆ ಹಾಡಿಸಿ ಕೇಳಿರಿ. ಆ ಕೇಳುವಿಕೆಯಲ್ಲಿ ಅಂಕವಿಲ್ಲ, ತೀರ್ಪಿಲ್ಲ. ಮಗು ನಾಳೆಯೂ ಹಾಡುವುದಕ್ಕೆ ಬೇಕಾದ ಧೈರ್ಯವಿದೆ. ಕಮಲಾಪುರದ ಆ ಅಜ್ಜಿಗೂ ನಾವು ಇದನ್ನೇ ಹೇಳಿದೆವು: ಮೊಮ್ಮಗಳಿಗೆ ಹಾಡೆಂದು ಹೇಳಬೇಡಿರಿ, ನೀವೇ ಮೊದಲು ಹಾಡಿರಿ. ನಡುವೆ ಒಂದು ನುಡಿಯನ್ನು ಮರೆತವರಂತೆ ನಿಲ್ಲಿರಿ. ಮುಂದಿನ ಸಾಲು ಅವಳ ಬಾಯಿಂದ ತಾನಾಗಿಯೇ ಬಂದೀತು.